ಬೀಗರ ಎಡಗಾಲಿನ ಎಕ್ಕಡ

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಹಿಂದೆ ಸರೀರಿ. ಏಳು ಬೇಲಿ ಆಚೆ, ಏಳು ಕಟ್ಟೆ ಈಚೆ ಒಂದೂರು. ಯಾವ ಸೀಮೆ ಅಂತ ಕೇಳಬೇಡಿ. ಹೇಳಿದರೆ ಆ ಊರಿನೋರು ನಾಳೆ ಬೆಳಗ್ಗೆ ಪೊರಕೆ ಹಿಡಕೊಂಡು ನನ್ನ ಬಾಗಿಲಿಗೆ ಬರ್ತಾರೆ. ನಡೆದದ್ದು ಹಾಗಿದೆ.

ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬಳು. ಗಂಡ ತೀರಿಕೊಂಡಿದ್ದ. ಅವಳ ಪಾಲಿಗೆ ಉಳಿದದ್ದು ಎರಡೇ ಜೀವ. ಒಂದು ಮಗಳು, ಸಣ್ಣತಾಯಿ. ಇನ್ನೊಂದು ನಾಯಿ, ಸರದಾರ. ಹೆಸರಿಗೆ ಸರದಾರ, ಗುಡುಗಿದರೆ ಒರಳಿನ ಹಿಂದೆ ಅಡಗೋನು. ಅವನಿಗೆ ಇದ್ದದ್ದು ಒಂದೇ ಚಟ. ಅಗಿಯೋದು! ಪೊರಕೆ ಹಿಡಿ ಅಗಿದ, ಒನಕೆ ತುದಿ ಅಗಿದ, ಕೊನೆಗೆ ಕಂಡೋರ ಎಕ್ಕಡ ಅಗಿಯೋಕೆ ಶುರು ಮಾಡಿದ.

ಅಗಿದರೆ ಅಗೀಲಿ, ನಾಯಿ ತಾನೇ, ಅಂತೀರಾ? ತಾಳಿ. ಆ ಸೀಮೆಯಲ್ಲಿ ಒಂದು ಪದ್ಧತಿ. ಹೆಣ್ಣು ನೋಡೋಕೆ ಬಂದ ಬೀಗರು ಎಕ್ಕಡ ಜಗಲಿ ಕೆಳಗೆ ಬಿಡಬೇಕು. ಹೆಣ್ಣಿನ ಮನೆಯೋರು ಅದನ್ನ ಮುಟ್ಟಂಗಿಲ್ಲ, ಸರಿಸಂಗಿಲ್ಲ, ಒಳಗೆ ಎತ್ತಿಡಂಗಿಲ್ಲ. ಮಾತುಕತೆ ಮುಗಿದ ಮೇಲೆ ಗಂಡಿನ ಅಪ್ಪ ಹೊರಗೆ ಬಂದು, ಎರಡೂ ಎಕ್ಕಡ ಮೆಟ್ಟಿ ಮೂರು ಹೆಜ್ಜೆ ಹಾಕಿದ ಅಂದರೆ ಮದುವೆ ಗಟ್ಟಿ. ಒಂದು ಎಕ್ಕಡ ಕಾಣೆಯಾಯ್ತು ಅಂದರೆ ಅಪಶಕುನ, ಸಂಬಂಧ ಅಲ್ಲಿಗೆ ಕೊನೆ. "ಒಂಟಿ ಎಕ್ಕಡದ ನೆಂಟಸ್ತನ, ಒಂಟಿ ಎತ್ತಿನ ಗಾಡಿ" ಅಂತ ಗಾದೆ ಬೇರೆ ಕಟ್ಟಿಟ್ಟಿದ್ದರು, ಕೆಲಸವಿಲ್ಲದೋರು.

ಸಣ್ಣತಾಯಿಗೆ ಮೊದಲನೇ ಗಂಡು ಬಂತು. ಹತ್ತು ಜನ ಬಂದರು, ಜಗಲಿ ಕೆಳಗೆ ಇಪ್ಪತ್ತು ಎಕ್ಕಡ. ಹೆಣ್ಣು ಒಪ್ಪಿಗೆಯಾಯ್ತು, ಎಲೆಅಡಿಕೆ ಆಯ್ತು. ಗಂಡಿನ ಅಪ್ಪ ಹೊರಗೆ ಬಂದು ಬಗ್ಗಿ ನೋಡ್ತಾನೆ, ಎಡಗಾಲಿನ ಎಕ್ಕಡ ಇಲ್ಲ! ಬೇಲಿ ಮೂಲೆಯಲ್ಲಿ ಸರದಾರ ಕೂತು, ಕಣ್ಣು ಅರ್ಧ ಮುಚ್ಚಿ, ಅದರ ಪಟ್ಟಿಯನ್ನ ನಿಧಾನಕ್ಕೆ ಅಗೀತಾ ಇದ್ದ. ಯಜಮಾನ ಮುಖ ಸಿಂಡರಿಸಿ ನಿಂತ.

ಆಗ ಮೊದಲು ಓಡಿ ಬಂದವಳು ಪಕ್ಕದ ಮನೆ ದೇವೀರಮ್ಮ. ಅವಳು ಆಗಲೇ ಮಜ್ಜಿಗೆ ಚೊಂಬು ಕೊಡೋಕೆ ಬಂದು, ಜಗಲಿ ಹತ್ತಿರ ಕೂತು ಕಾಲಿನ ಮುಳ್ಳು ತೆಕ್ಕೊಂಡು ಹೋಗಿದ್ದಳು. ಈಗ ಕೈಯಲ್ಲಿ ಒಂದು ಜೊತೆ ಎಕ್ಕಡ.

"ಅಯ್ಯೋ ಶಿವನೇ! ಯಜಮಾನ್ರು ಬರಿಗಾಲಲ್ಲಿ ನಡೆಯೋದಾ? ಇದನ್ನ ಮೆಟ್ಕೊಳ್ಳಿ. ಬಿಸಿಲು ಜಾಸ್ತಿ, ನಮ್ಮನೇಲಿ ಒಂದು ಗಳಿಗೆ ಕೂತು ಮಜ್ಜಿಗೆ ಕುಡ್ಕೊಂಡು ಹೋಗಿ" ಅಂದಳು.

ಹೋದರು, ಕೂತರು. ಮಜ್ಜಿಗೆ ತಂದುಕೊಟ್ಟವಳು ದೇವೀರಮ್ಮನ ದೊಡ್ಡ ಮಗಳು. ತಿಂಗಳೊಳಗೆ ಆ ಗಂಡಿಗೂ ದೇವೀರಮ್ಮನ ದೊಡ್ಡ ಮಗಳಿಗೂ ಮದುವೆ! ಹೆಂಗಿದೆ? ಹೊಂಬಾಳಮ್ಮನೇ ಹೋಗಿ ಅಕ್ಷತೆ ಹಾಕಿ, ಎರಡು ಹೋಳಿಗೆ ತಿಂದು ಬಂದಳು. ಹೋಳಿಗೆಗೆ ತುಪ್ಪ ಇರಲಿಲ್ಲ ಅನ್ನಿ. ದೇವೀರಮ್ಮ ಕಟ್ಟಿಕೊಂಡ ಗಂಡ ಬೋರಣ್ಣನ ಮುದ್ದೆಗೂ ತುಪ್ಪ ಬಿಟ್ಟವಳಲ್ಲ. ಮನೇಲಿ ಎರಡು ಹಸು, ಗಡಿಗೆ ತುಂಬ ತುಪ್ಪ. ಗಂಡ ಕೇಳಿದರೆ "ಹಬ್ಬಕ್ಕೆ ಇರಲಿ ಬಿಡಿ" ಅನ್ನೋಳು.

"ದೇವೀರಾ, ಈ ನಾಯಿಗೆ ಏನು ಮಾಡ್ಲೇ?" ಅಂತ ಹೊಂಬಾಳಮ್ಮ ಅವಳನ್ನೇ ಕೇಳಿದಳು. ಅವಳಿಗೆ ಇನ್ಯಾರಿದ್ದರು?

"ಅಗಿಯೋಕೆ ಏನಾದ್ರೂ ಬೇಕು ಕಣಕ್ಕಾ ಅದಕ್ಕೆ. ಕೋಳಿ ಸಾರು ಮಾಡಿದಾಗ ಬೆಂದ ಮೂಳೆ ಹಾಕು. ನಾಯಿಗೆ ಮೂಳೆ, ಅತ್ತೆಗೆ ಸೊಸೆ. ಅಗಿದು ಅಗಿದು ಸುಸ್ತಾಗತ್ತೆ" ಅಂದಳು ದೇವೀರಮ್ಮ.

ಹೊಂಬಾಳಮ್ಮ ಹಾಕಿದಳು. ಬೆಂದ ಮೂಳೆ ಕಟುಂ ಅಂತ ಸೀಳಿ, ಸೂಜಿಯಂಥ ಚೂರು ಸರದಾರನ ಗಂಟಲಲ್ಲಿ ನಿಂತಿತು. ನಾಯಿ ಉಸಿರು ಕಟ್ಟಿ ಬಿದ್ದು ಒದ್ದಾಡಿತು. ಹೊಂಬಾಳಮ್ಮ ಮೊಣಕೈವರೆಗೂ ಬಾಯೊಳಗೆ ಕೈ ಹಾಕಿ ಎಳೆದು ತೆಗೆದಳು. ಆವತ್ತು ನಾಯಿ ಬದುಕಿದ್ದೇ ಹೆಚ್ಚು.

"ಹಾಗಾದ್ರೆ ಮುರೀದೇ ಇರೋದು ಕೊಡಕ್ಕಾ. ಎತ್ತಿನ ಕೊಂಬು ಕೊಡು. ಅದನ್ನ ಯಾವ ನಾಯಿ ಮುರೀತದೆ?" ಅಂದಳು ದೇವೀರಮ್ಮ.

ಕೊಂಬು ಕೊಟ್ಟರು. ನಿಜ, ಕೊಂಬು ಮುರೀಲಿಲ್ಲ. ಸರದಾರನ ಹಲ್ಲೇ ಮುರೀತು! ದವಡೆ ಊದಿ, ನಾಲ್ಕು ದಿನ ಗಂಜಿ ಕುಡಿದು ಮಲಗಿದ, ಬಾಣಂತಿ ಥರ.

ದವಡೆ ಊತ ಇಳಿಯೋ ಹೊತ್ತಿಗೆ ಎರಡನೇ ಗಂಡು ಬಂತು. ಈ ಸಲ ಹೊಂಬಾಳಮ್ಮ ಜಾಣತನ ಮಾಡಿ ನಾಯಿಯನ್ನ ಹಗ್ಗದಲ್ಲಿ ಕಟ್ಟಿದಳು. ಆಮೇಲೆ ನೋಡಿದರೆ ಹಗ್ಗವೂ ಇಲ್ಲ, ನಾಯಿಯೂ ಇಲ್ಲ, ಯಜಮಾನನ ಎಡಗಾಲಿನ ಎಕ್ಕಡವೂ ಇಲ್ಲ! ಮೊಸರು ಕೊಡೋಕೆ ಬಂದು ಮುಳ್ಳು ತೆಕ್ಕೊಂಡು ಹೋಗಿದ್ದ ದೇವೀರಮ್ಮ ಮತ್ತೆ ಎಕ್ಕಡ ಹಿಡಕೊಂಡು ಓಡಿಬಂದಳು. ಮತ್ತೆ ಮಜ್ಜಿಗೆ. ಮತ್ತೆ ಮದುವೆ. ಈ ಸಲ ನಡುವಿನ ಮಗಳದ್ದು.

ಕೇಳಿ ಇಲ್ಲಿ. ಹತ್ತು ಜನರ ಇಪ್ಪತ್ತು ಎಕ್ಕಡದಲ್ಲಿ ನಾಯಿಗೆ ಯಜಮಾನನ ಎಡಗಾಲಿಂದೇ ಯಾಕೆ ಬೇಕು? ನಾಯಿಗೆ ಎಡ ಬಲ ಗೊತ್ತಾ? ನೀವು ಕೇಳ್ತಿದ್ದೀರಿ. ಹೊಂಬಾಳಮ್ಮ ಕೇಳಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡವಳಿಗೆ ಕಾಲಡಿಯ ಹಾವೂ ಕಾಣಲ್ಲ.

"ಸಿಹಿ ಕೊಡಕ್ಕಾ. ಬೆಲ್ಲದ ಕಜ್ಜಾಯ. ಬಾಯಿ ಸಿಹಿಯಾದರೆ ತೊಗಲು ಯಾಕೆ ಮುಟ್ತದೆ?" ಅಂತ ಮೂರನೇ ಬುದ್ಧಿ ಹೇಳಿದಳು ದೇವೀರಮ್ಮ. ಹೊಂಬಾಳಮ್ಮ ಎಣ್ಣೆ ಸುರಿದು ಹದಿನಾರು ಕಜ್ಜಾಯ ಕರಿದಳು. ಸರದಾರ ಹದಿನಾರನ್ನೂ ನುಂಗಿದ. ಮೂರು ದಿನ ಬೇಲಿ ಬಿಟ್ಟು ಬರಲಿಲ್ಲ. ಬೇಲಿ ಹಿಂದಿನ ಸಂಗತಿ ನಾನು ಹೇಳಲ್ಲ, ನೀವು ಈಗ ತಾನೇ ಉಂಡಿದ್ದೀರಿ.

ಅಷ್ಟು ಹೊತ್ತಿಗೆ ಹೊಳೆ ಆಚೆದಡದ ಊರಿಂದ ಮೂರನೇ ಗಂಡಿನ ಕಡೆಯೋರು ಹೇಳಿಕಳಿಸಿದರು, "ಇನ್ನು ಹನ್ನೆರಡು ದಿನಕ್ಕೆ ಬರ್ತೀವಿ". ಒಳ್ಳೇ ಮನೆತನ, ಗಂಡು ಬಂಗಾರ. ಆದರೆ ಊರ ಹೆಂಗಸರು ನೀರು ತರೋ ದಾರಿಯಲ್ಲಿ ಸಣ್ಣತಾಯಿಗೆ ಆಗಲೇ ಅಡ್ಡಹೆಸರು ಇಟ್ಟಿದ್ದರು. "ಒಂಟಿ ಎಕ್ಕಡದೋಳು". ಇದೂ ತಪ್ಪಿತು ಅಂದರೆ ನಾಲ್ಕನೆಯವನು ಆ ಬೀದಿಗೆ ಕಾಲಿಡ್ತಾನಾ? ನೀವೇ ಹೇಳಿ.

ಹೊಂಬಾಳಮ್ಮ ಹಲ್ಲು ಕಚ್ಚಿ ಗೋಣಿಚೀಲ ಹುಡುಕಿದಳು. "ನಾಳೆ ಇದನ್ನ ಕಟ್ಟಿ ಹೊಳೆ ಆಚೆ ಬಿಟ್ಟು ಬರ್ತೀನಿ" ಅಂದಳು.

ಸಣ್ಣತಾಯಿ ನಾಯಿ ಕುತ್ತಿಗೆ ತಬ್ಬಿಕೊಂಡು ಕೂತುಬಿಟ್ಟಳು. "ಅಪ್ಪ ಹೋದಾಗ ಮೂರು ದಿನ ಅನ್ನ ಬಿಟ್ಟೋನು ಇವನೊಬ್ಬನೇ ಅವ್ವಾ. ನೀನೂ ಎರಡನೇ ದಿನಕ್ಕೆ ಉಂಡೆ. ಇವನನ್ನ ಬಿಟ್ಟು ನಂಗೆ ಯಾವ ಗಂಡೂ ಬೇಡ."

ಹೊಂಬಾಳಮ್ಮ ಚೀಲ ಹಿಡಕೊಂಡು ನಿಂತೇ ಇದ್ದಳು. ಆಗ ಬಂದಳು ನೋಡಿ, ಬೊಚ್ಚುಬಾಯಿ ನಂಜವ್ವ. ಊರಿಗೇ ಹಿರಿಯಳು. ಬಾಯಲ್ಲಿ ಒಂದು ಹಲ್ಲಿಲ್ಲ. ಸೊಂಟದಲ್ಲಿ ಅಡಿಕೆ ಕುಟ್ಟೋ ಕುಟ್ಟಾಣಿ ಸಿಕ್ಕಿಸಿಕೊಂಡೇ ಓಡಾಡೋಳು. ಇಬ್ಬರ ಮುಖ ನೋಡಿದಳು, ಚೀಲ ನೋಡಿದಳು, ನಾಯಿ ನೋಡಿದಳು.

"ಹೊಂಬಾಳಿ, ಒಂದು ಮಾತು ಹೇಳು. ಇದು ಮರಿಯಾಗಿದ್ದಾಗ ಅಗಿಯೋಕೆ ಏನು ಕೊಟ್ಟಿದ್ದೆ?"

"ಇವರಪ್ಪನ ಹಳೇ ಎಕ್ಕಡ ಇತ್ತಲ್ಲವ್ವಾ, ಅದನ್ನೇ..."

"ಮುಂಡೇದೆ!" ಅಂತ ನಂಜವ್ವ ಹಣೆ ಚಚ್ಚಿಕೊಂಡಳು. "ಹಳೇ ಎಕ್ಕಡ ಕೊಟ್ಟು ಸಾಕಿದೆ. ಈಗ ಹೊಸದು ಮುಟ್ಟಬೇಡ ಅಂದ್ರೆ ಅದೇನು ಪಂಚಾಯ್ತಿ ಯಜಮಾನನಾ, ಹಳೇದು ಯಾವುದು, ಹೊಸದು ಯಾವುದು ಅಂತ ತೀರ್ಮಾನ ಮಾಡೋಕೆ? ಕಲಿಸಿದೋಳು ನೀನು, ಚೀಲ ಅದಕ್ಕಾ?"

ಹೊಂಬಾಳಮ್ಮ ಚೀಲ ಕೆಳಗಿಟ್ಟಳು. "ಮತ್ತೆ ಏನು ಕೊಡ್ಲವ್ವಾ? ಮೂಳೆ ಆಯ್ತು, ಕೊಂಬು ಆಯ್ತು, ಕಜ್ಜಾಯ ಆಯ್ತು."

"ಹಲ್ಲಿದ್ದೋನಿಗೆ ಕಡಲೆ ಇಲ್ಲ, ಕಡಲೆ ಇದ್ದೋನಿಗೆ ಹಲ್ಲಿಲ್ಲ ಅಂತಾರೆ. ನಾನು ಹಲ್ಲಿಲ್ಲದೋಳು. ಅಗಿಯೋದರ ಬೆಲೆ ನನ್ನಷ್ಟು ಯಾರಿಗೆ ಗೊತ್ತು?" ಅಂತ ನಂಜವ್ವ ಬೆರಳು ಮಡಿಸಿದಳು. "ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳಬೇಕು. ಬೀಳದೇ ಹೋದರೆ ಹಲ್ಲು ಮುರೀತದೆ. ಬಾಯಿಗಿಂತ ದೊಡ್ಡದಿರಬೇಕು. ಚಿಕ್ಕದಾದರೆ ಇಡೀ ನುಂಗತದೆ. ನುಂಗಿದ ಚೂರು ಹೊಟ್ಟೇಲಿ ಕರಗಬೇಕು. ಹೋಗು, ಗೆಣಸು ತಾ."

ಗೆಣಸು! ಹಿತ್ತಲಲ್ಲೇ ಇತ್ತು. ನಂಜವ್ವ ಹೇಳಿದಂಗೆ ಸಿಪ್ಪೆ ತೆಗೆದು, ಅರೆಬೇಯಿಸಿ, ಉದ್ದುದ್ದಕ್ಕೆ ಗೇಣುದ್ದದ ಪಟ್ಟಿ ಸೀಳಿ, ಉಪ್ಪಿಲ್ಲ, ಬೆಲ್ಲ ಇಲ್ಲ, ಬಿಸಿಲಿಗೆ ಹಾಕಿದರು. ಎರಡೇ ದಿನಕ್ಕೆ ತೊಗಲಿನ ಹಾಗೆ ಆಯ್ತು. ಬಗ್ಗಿಸಿದರೆ ಬಗ್ಗುತ್ತೆ, ಎಳೆದರೆ ಹರಿಯಲ್ಲ. ಸರದಾರ ಒಂದು ಪಟ್ಟಿ ಕಚ್ಚಿಕೊಂಡು ಕೂತ. ಬೆಳಗ್ಗೆ ಕೂತೋನು ಎದ್ದದ್ದು ನೆರಳು ಕಾಲಡಿಗೆ ಬಂದಾಗ.

ಕೊಟ್ಟುಬಿಟ್ಟರೆ ಸಾಲದು ಅಂತ ನಂಜವ್ವ ದಿನಾ ಬಂದು ತನ್ನ ಎಕ್ಕಡವನ್ನ ನಾಯಿ ಮುಂದೆ ಇಟ್ಟಳು. ನಾಯಿ ಎಕ್ಕಡಕ್ಕೆ ಬಾಯಿ ಹಾಕ್ತು. ಬೈಯಲಿಲ್ಲ, ಹೊಡೀಲಿಲ್ಲ, ಗೆಣಸು ತೋರಿಸಿದಳು. ಎಕ್ಕಡ ಬಿಟ್ಟರೆ ಗೆಣಸು. ಮೊದಲ ದಿನ ಇಪ್ಪತ್ತು ಸಲ, ಐದನೇ ದಿನ ನಾಲ್ಕು ಸಲ, ಹತ್ತನೇ ದಿನ ಎಕ್ಕಡ ಕಂಡರೆ ಸಾಕು, ಸರದಾರ ತಾನೇ ತಿರುಗಿ ಗೆಣಸಿಗೆ ನಂಜವ್ವನ ಮುಖ ನೋಡಿದ. ನಾಯಿ ಬಾಲ ಡೊಂಕು ನಿಜ, ತಲೆ ಡೊಂಕಲ್ಲ.

ಹನ್ನೆರಡನೇ ದಿನ ಆಚೆದಡದ ಯಜಮಾನ ಬಂದ. ಕಿವಿವರೆಗೂ ಮೀಸೆ. ಜೊತೆಗೆ ಹತ್ತು ಜನ. ನೆರೆಯ ಹಿರಿಯ ಅಂತ ದೇವೀರಮ್ಮನ ಗಂಡ ಬೋರಣ್ಣನೂ ಒಳಗೆ ಬಂದು ಕೂತ. ಹೊರಗೆ ಜಗಲಿ ಮೂಲೆಯಲ್ಲಿ ನಂಜವ್ವ ಅಡಿಕೆ ಕುಟ್ಟುತ್ತಾ ಕೂತಳು, ಪಕ್ಕದಲ್ಲಿ ಸರದಾರ, ಬಾಯಲ್ಲಿ ಗೆಣಸು. ದೇವೀರಮ್ಮ ಹಾಲಿನ ಚೊಂಬು ತಂದಳು. ಯಾಕೋ ಅವಳಿಗೆ ಮತ್ತೆ ಕಾಲಿಗೆ ಮುಳ್ಳು ಚುಚ್ಚಿತು. ಜಗಲಿ ಕೆಳಗೆ ಬಗ್ಗಿ ಕೂತಳು, ಎದ್ದಳು, ಹೋದಳು. ನಂಜವ್ವ ಕುಟ್ಟುತ್ತಾ ಇದ್ದಳು. ಕುಟ್ ಕುಟ್ ಕುಟ್.

ಹೊಂಬಾಳಮ್ಮನ ಕಿವಿ ಬೀಗರ ಮಾತಿನಲ್ಲಿ, ಕಣ್ಣು ಕಿಟಕಿಯಲ್ಲಿ. ಅಯ್ಯೋ! ಸರದಾರ ಎದ್ದ. ಮೂಗು ಅರಳಿಸಿದ. ಎಕ್ಕಡದ ಹತ್ತಿರ ಹೋದ. ಉಳಿದ ಇಪ್ಪತ್ತೊಂದು ಎಕ್ಕಡ ದಾಟಿ, ಯಜಮಾನನ ಎಡಗಾಲಿನ ಎಕ್ಕಡದ ಮುಂದೆ ನಿಂತ. ಮೂಸಿದ. ಒಂದು ಸಲ ನೆಕ್ಕಿದ. ಹಿಂದೆ ತಿರುಗಿ ನೋಡಿದ. ನಂಜವ್ವ ಒಂದು ಹೊಸ ಗೆಣಸಿನ ಪಟ್ಟಿ ಎತ್ತಿ ಹಿಡಿದಳು. ಸರದಾರ ಎಕ್ಕಡ ನೋಡಿದ, ಗೆಣಸು ನೋಡಿದ, ಎಕ್ಕಡ ನೋಡಿದ... ಬಾಲ ಅಲ್ಲಾಡಿಸಿಕೊಂಡು ಗೆಣಸಿಗೇ ಬಂದ!

ಮಾತು ಮುಗೀತು. ಯಜಮಾನ ಹೊರಗೆ ಬಂದು ಬಲಗಾಲಿನ ಎಕ್ಕಡ ಮೆಟ್ಟಿದ. ಎಡಗಾಲಿಂದು ಮೆಟ್ಟಿದ. ಪಚಕ್! ಕಾಲು ಜಾರಿ, ಮೀಸೆ ಸಮೇತ ಜಗಲಿ ಮೇಲೆ ಕೂತುಬಿಟ್ಟ. ಬೆರಳಲ್ಲಿ ಸವರಿ ಮೂಸಿ ನೋಡಿದ.

"ತುಪ್ಪ! ಹಸುವಿನ ತುಪ್ಪ! ಏನ್ ತಾಯಿ ಇದು, ನಿಮ್ಮ ಕಡೆ ಬೀಗರ ಎಕ್ಕಡಕ್ಕೂ ಒಗ್ಗರಣೆ ಹಾಕ್ತೀರಾ?"

ಹೊಂಬಾಳಮ್ಮ ಬಾಯಿ ತೆರೆಯೋದರೊಳಗೆ, ಬೇಲಿ ಸಂದಿಯಿಂದ ದೇವೀರಮ್ಮ ಓಡಿಬಂದಳು. ಕೈಯಲ್ಲಿ ಒಂದು ಜೊತೆ ಎಕ್ಕಡ.

"ಅಯ್ಯೋ ಶಿವನೇ! ಯಜಮಾನ್ರ ಎಡಗಾಲಿಂದು ಹೋಯ್ತಾ? ಇದನ್ನ ಮೆಟ್ಕೊಳ್ಳಿ. ಬಿಸಿಲು ಜಾಸ್ತಿ, ನಮ್ಮನೇಲಿ ಮಜ್ಜಿಗೆ..."

ಎಲ್ಲರೂ ಅವಳನ್ನ ನೋಡಿದರು. ಅವಳು ಯಜಮಾನನ ಕಾಲು ನೋಡಿದಳು. ಎರಡು ಕಾಲು. ಎರಡು ಎಕ್ಕಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ಇವಳು ಯಾರೂ ಕಳ್ಳ ಅನ್ನೋಕೆ ಮುಂಚೆಯೇ ಹೆಗಲು ತೋರಿಸಿದಳು! ಬೇಲಿ ಆಚೆ ಅವಳ ಮೂರನೇ ಮಗಳು ಹೂ ಮುಡಿದು, ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು, ಪಾಪ.

ಸರದಾರ ಗೆಣಸು ಕೆಳಗಿಟ್ಟು ಮೆಲ್ಲಗೆ ಬಂದ. ದೇವೀರಮ್ಮನ ಬಲಗೈ ಮೂಸಿ, ಬೆರಳಿಂದ ಬಳೆವರೆಗೂ ಪ್ರೀತಿಯಿಂದ ನೆಕ್ಕಿದ.

ನಂಜವ್ವ ಕುಟ್ಟೋದು ನಿಲ್ಲಿಸಿದಳು. "ಮುಳ್ಳು ಸಿಕ್ತಾ ದೇವೀರಾ?" ಅಂದಳು.

ಆಗ ಹೊಂಬಾಳಮ್ಮನಿಗೆ ಎಲ್ಲಾ ಹೊಳೀತು. ಎರಡು ಸಲವೂ ಸಾಕ್ಷಿಯನ್ನ ನಾಯಿಯೇ ತಿಂದುಬಿಟ್ಟಿತ್ತು. ಈ ಸಲ ತಿನ್ನಲಿಲ್ಲ, ಸಾಕ್ಷಿ ಉಳೀತು.

"ದೇವೀರಾ! ನಿನ್ನ ಮನೆ ಹೋಳಿಗೆ ತಿಂದು ನಿನ್ನ ಮಕ್ಕಳಿಗೆ ಅಕ್ಷತೆ ಹಾಕಿದ ಕೈ ಇದು! ಇದೇ ಕೈ ನನ್ನ ನಾಯಿ ಗಂಟಲಿಗೂ ಹಾಕಿದೆ, ನಿನ್ನ ಬುದ್ಧಿ ಕೇಳಿ!"

"ಮೂರು ಹೆಣ್ಣು ಹೆತ್ತು ನೋಡಕ್ಕಾ, ಆಮೇಲೆ ಮಾತಾಡು!" ಅಂತ ದೇವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸೋತರೂ ಸೊಲ್ಲು ಬಿಡೋಳಲ್ಲ.

ಆದರೆ ಅವಳ ಬಾಯಿ ಮುಚ್ಚಿಸಿದ್ದು ಹೊಂಬಾಳಮ್ಮ ಅಲ್ಲ, ನಂಜವ್ವ ಅಲ್ಲ. ಬೋರಣ್ಣ. ಇಪ್ಪತ್ತೈದು ವರ್ಷ ಹೆಂಡತಿ ಮುಂದೆ ಕೆಮ್ಮದಿದ್ದ ಗಂಡಸು, ಒಳಗಿಂದ ಬಂದು ಎಲ್ಲರ ನಡುವೆ ನಿಂತ.

"ನನ್ನ ಮುದ್ದೆಗಿಲ್ಲದ ತುಪ್ಪ, ಬೀಗರ ಎಕ್ಕಡಕ್ಕೇನೇ?"

ಮೊದಲು ನಕ್ಕವನು ಮೀಸೆ ಯಜಮಾನ. ಹೊಟ್ಟೆ ಹಿಡಿದು ನಕ್ಕ, ಕಣ್ಣೊರೆಸಿಕೊಂಡ, ಎದ್ದು ನಿಂತ. ಆಮೇಲೆ ಪಚಕ್, ಪಚಕ್, ಪಚಕ್, ಮೂರು ಹೆಜ್ಜೆ ಹಾಕಿದ. ಮದುವೆ ಗಟ್ಟಿ! "ಹೆಣ್ಣಿನ ಜೊತೆ ಆ ನಾಯಿಯನ್ನೂ ಕಳಿಸಿ ತಾಯಿ. ನಮ್ಮ ಊರಲ್ಲೂ ಅಕ್ಕಪಕ್ಕದ ಮನೆಗಳಿವೆ" ಅಂದ.

ಊರವರು ದೇವೀರಮ್ಮನಿಗೆ ದಂಡ ಹಾಕಿದರು. ಏನು ದಂಡ? ದಿನಾ ಬೋರಣ್ಣನ ಮುದ್ದೆಗೆ ಎರಡು ಸೌಟು ತುಪ್ಪ, ಅದೂ ಜಗಲಿ ಮೇಲೆ ಕೂರಿಸಿ, ನಾಲ್ಕು ಜನ ನೋಡೋ ಹಾಗೆ. ಆ ಪುಣ್ಯಾತ್ಮ ವರ್ಷದೊಳಗೆ ಒರಳಿನಷ್ಟು ದಪ್ಪ ಆದ. ಮೂರನೇ ಮಗಳೇನಾದಳು ಅಂತೀರಾ? ಅವಳಿಗೂ ಒಳ್ಳೇ ಗಂಡು ಬಂತು. ಅವನಪ್ಪ ಎರಡೂ ಎಕ್ಕಡ ಮೆಟ್ಟಿಕೊಂಡೇ ಹೋದ. ಅವಳಮ್ಮ ಕೈ ಕಟ್ಟಿ ಕೂತಿದ್ದಳಲ್ಲ, ಅದಕ್ಕೇ.

ಅವರ ಗೆಣಸು ಅವರಿಗಾಯ್ತು, ನಮ್ಮ ಕತೆ ನಮಗಾಯ್ತು. ಅಗಿದಷ್ಟು ಅಗಿದೆ, ಉಳಿದದ್ದು ನಿಮಗೆ ಬಿಟ್ಟೆ. ಏಳಿ ಇನ್ನು. ಹೋಗೋ ಮುಂಚೆ ಎಡಗಾಲಿಂದು ಇದೆಯಾ ನೋಡ್ಕೊಳ್ಳಿ.