ಬಾವಿಕಟ್ಟೆಯ ಉಪ್ಪು

ಮೆಲ್ಲ ಮುಂದೆ, ಬಂಗಲೆಯ ಯಜಮಾನ ಹಿಂದೆ. ಕಾಡೊಳಗಿನ ಹಳೇ ಬಾವಿ ದಾಟಿ ಬಂಗಲೆಗೆ ಬರುತ್ತಿದ್ದರು. ಹೊತ್ತಾಗಿತ್ತು. ಆಗ ಕೇಳಿಸಿತು... ಸರಕ್... ಸರಕ್... ಒರಟು ನಾಲಿಗೆ ಕಲ್ಲು ನೆಕ್ಕಿದ ಹಾಗೆ.

ಮೆಲ್ಲ ಅಂದರೆ ನಮ್ಮ ಗೋಡೆಯಾಚೆ ಮನೆಯವನು. ಸುಳ್ಳು ಹೇಳುವವನಲ್ಲ. ಹೇಳೋಣವೆಂದರೂ ಅವನ ಹತ್ತಿರ ಅಷ್ಟು ಮಾತಿಲ್ಲ. ಕಾಡು ನೋಡಲು ಬಂದವರನ್ನು ಕಾಲುದಾರಿಯಲ್ಲಿ ನಡೆಸಿ ಪ್ರಾಣಿ ತೋರಿಸುವುದು ಅವನ ಕೆಲಸ. ಒಣಗಿದ ಎಲೆಯ ಮೇಲೆ ಕಾಲಿಟ್ಟರೂ ಸದ್ದಾಗದು. ಅದಕ್ಕೇ ಆ ಹೆಸರು. ನಿಮ್ಮ ಕೊರಳಿಗೊಂದು ಗಂಟೆ ಕಟ್ಟಬೇಕು ಎಂದು ಹೆಂಡತಿ ನಗುತ್ತಿದ್ದಳು.

ಆ ಹೆಂಡತಿ, ಕಾಡು ನೋಡಲು ಬಂದವರು ಇಳಿದುಕೊಳ್ಳುವ ಆ ಬಂಗಲೆಯಲ್ಲೇ ಕೆಲಸಕ್ಕಿದ್ದಳು. ಅಡುಗೆ ಮಾಡುವುದು, ಹಾಸಿಗೆಯ ಬಟ್ಟೆ ಒಗೆಯುವುದು. ಬಡಿಸುವ ಮುಂಚೆ ಎಂಥ ದೊಡ್ಡವರಿರಲಿ, ಕೈ ತೊಳ್ಕೊಂಡ್ರಾ ಎಂದು ಕೇಳಿಯೇ ತಟ್ಟೆ ಇಡುತ್ತಿದ್ದಳು. ಬಂದವರು ಶಾಲೆಯ ಮಕ್ಕಳಂತೆ ಎದ್ದು ಹೋಗುತ್ತಿದ್ದರು.

ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟವಳು ಬಾವಿಯ ಹತ್ತಿರ ಕಾಡುಕೋಣದ ಕೊಂಬಿಗೆ ಸಿಕ್ಕಿ ಸತ್ತಳು.

ಯಜಮಾನ ಊರಿಗೆಲ್ಲ ಹೇಳಿದ. ಬೇಡವೆಂದರೂ ಸೌದೆ ಆಸೆಗೆ ದಾರಿ ಬಿಟ್ಟಳು, ನಾನೇನು ಮಾಡಲಿ ಎಂದ. ಹಾಗೆಂದು ಕೈ ತೊಳೆದುಕೊಂಡ. ಮಾತು ಬಾಯಿಂದ ಬಾಯಿಗೆ ಹೋಯಿತು. ಹೋಗ್ತಾ ಹೋಗ್ತಾ ಸೌದೆ ಉದುರಿಹೋಯಿತು. ದಾರಿ ಬಿಟ್ಟಳು ಅನ್ನುವುದಷ್ಟೇ ಉಳಿಯಿತು. ಹೆಂಗಸಿನ ವಿಷಯಕ್ಕೆ ಆ ಮಾತು ಬಂದರೆ ಅದರ ಅರ್ಥ ಏನಾಗುತ್ತದೆ, ನಿಮಗೆ ಗೊತ್ತೇ ಇದೆ. ಅಂಗಡಿಯ ಮುಂದೆ ಕೂತವರು ಮೀಸೆಯೊಳಗೇ ನಕ್ಕರು. ಅವಳ ಹೆತ್ತ ತಾಯಿ ಕೂಡ ತಲೆ ತಗ್ಗಿಸಿ ಓಡಾಡತೊಡಗಿದಳು.

ಸತ್ತದ್ದನ್ನು ಮೆಲ್ಲ ಹೇಗೋ ನುಂಗಿಕೊಂಡ. ಈ ಮಾತು ಮಾತ್ರ ಗಂಟಲಿಂದ ಇಳಿಯಲಿಲ್ಲ. ಹಾಡು ಹಗಲಲ್ಲೂ ದಾರಿಯ ನಟ್ಟನಡುವೆ ನಡೆಯುವ ಅಂಜುಬುರುಕಿ ಅವಳು. ಹೇಗೆ ಬಿಟ್ಟಾಳು? ಕೇಳಿದರೆ ಯಜಮಾನ ಮುಖ ತಿರುಗಿಸುತ್ತಿದ್ದ. ಆದರೂ ಮೆಲ್ಲ ಕೆಲಸ ಬಿಡಲಿಲ್ಲ. ಎಂದಾದರೂ ಒಂದು ದಿನ ಇವನ ಬಾಯಿಂದಲೇ ನಿಜ ಬರಬೇಕು ಎಂದು ಕಾದ.

ಸರಿ, ಆ ರಾತ್ರಿ. ಮೆಲ್ಲ ಟಾರ್ಚು ತಿರುಗಿಸಿದ. ಬಾವಿಕಟ್ಟೆಯ ಮೇಲೆ ಏನೂ ಇಲ್ಲ. ಕಲ್ಲು ಮಾತ್ರ ಒದ್ದೆ. ಯಜಮಾನ ತನ್ನ ಬಲಗೈ ಎತ್ತಿ ಬೆಳಕಿಗೆ ಹಿಡಿದ. ಮಣಿಕಟ್ಟಿನ ತನಕ ಜೊಲ್ಲು.

"ಯಾರೋ ನನ್ನ ಕೈ ನೆಕ್ಕಿದ್ರು ಕಣೋ..."

ಕತ್ತಲೆಯೊಳಗಿಂದ ಒಂದು ಸದ್ದು. ಫಟ್... ಒಗೆದ ಬಟ್ಟೆಯನ್ನು ಹರವುವ ಮೊದಲು ಝಾಡಿಸಿದ ಸದ್ದು. ಮೆಲ್ಲನಿಗೆ ಗುರುತು ಸಿಕ್ಕಿತು. ದಿನಾ ಕೇಳಿದ ಸದ್ದು ಅದು. ಆಮೇಲೆ ಕಿವಿಯ ಪಕ್ಕದಲ್ಲೇ, ಪಿಸುಮಾತು.

"ಯಜಮಾನ್ರೆ... ಕೈ ತೊಳ್ಕೊಂಡ್ರಾ?"

ಯಜಮಾನ ಬಿದ್ದೆನೋ ಎದ್ದೆನೋ ಎಂದು ಓಡಿದ.

ಅಲ್ಲಿಂದ ಅವನಿಗೆ ನೆಮ್ಮದಿ ಇಲ್ಲ. ಸೋಪು ಸವೆಯುವಷ್ಟು ಕೈ ತಿಕ್ಕಿದ. ಬಾಯಿಗಿಟ್ಟ ತುತ್ತೆಲ್ಲ ಉಪ್ಪು, ಉಗಿಯಬೇಕು. ಮಲಗಿದರೆ ಜಿಂಕೆಗಳು ಬಂದು ಅವನ ಕೋಣೆಯ ಕಿಟಕಿ ನೆಕ್ಕುತ್ತಿದ್ದವು. ಕಾಡು ನೋಡಲು ಬಂದವರಿಗೆ ಖುಷಿಯೋ ಖುಷಿ. ನಡೆಯೋದೇ ಬೇಡ, ಹಾಸಿಗೆಯಿಂದಲೇ ಜಿಂಕೆ ಕಾಣುತ್ತೆ ಎಂದು ಫೋಟೊ ಹೊಡೆದುಕೊಂಡರು.

ಕೊನೆಗೊಂದು ದಿನ ಕತ್ತಲಾದ ಮೇಲೆ ಅವನು ಮೆಲ್ಲನ ರಟ್ಟೆ ಹಿಡಿದ. ಡಾಂಬರು ರಸ್ತೆ ಮುಟ್ಟಿಸು, ಇನ್ನೊಂದು ರಾತ್ರಿ ಇಲ್ಲಿ ಇರಲಾರೆ ಎಂದ. ಜೀಪು ಹೊರಗೆ ಹೋಗಿತ್ತು. ಇದ್ದದ್ದು ಬಾವಿಯ ದಾರಿ ಒಂದೇ.

ಬಾವಿಯ ಹತ್ತಿರ ದಾರಿಗಡ್ಡ ಕಾಡುಕೋಣ ನಿಂತಿತ್ತು. ಟಾರ್ಚಿಗೆ ಕಣ್ಣು ಹೊಳೆದವು. ಬುಸ್... ಎಂದಿತು. ಯಜಮಾನ ಮೆಲ್ಲನ ಬೆನ್ನಿಗೆ ಅಂಟಿಕೊಂಡ.

ಮೆಲ್ಲ ಟಾರ್ಚು ಆರಿಸಿದ.

"ಅವಳು ದಾರಿ ಬಿಟ್ಟಿದ್ಲಾ?"

"ದೀಪ ಹಾಕೋ..."

"ಬಿಟ್ಟಿದ್ಲಾ?"

"ಇಲ್ಲ... ದಾರಿಯಲ್ಲೇ ಇದ್ಲು. ಬಂದವರಿಗೆ ಪ್ರಾಣಿ ಕಾಣಲಿ ಅಂತ ನಾನೇ ಈ ಕಟ್ಟೆ ಮೇಲೆ ಉಪ್ಪು ಚೆಲ್ತಿದ್ದೆ. ಉಪ್ಪು ನೆಕ್ಕಲು ಬಂದ ಕೋಣ ಅದು."

"ಊರವರ ಮುಂದೆ ಹೇಳ್ತೀರಾ?"

"ಹೇಳ್ತೀನಪ್ಪ. ನಿನ್ನ ಕಾಲಿಗೆ ಬೀಳ್ತೀನಿ."

ದೀಪ ಹಾಕಿದಾಗ ದಾರಿ ಖಾಲಿ. ಇಬ್ಬರೂ ನಡೆದರು. ಡಾಂಬರು ರಸ್ತೆಯ ಕಂಬದ ಬೆಳಕು ಕಂಡಿತು ನೋಡಿ... ಯಜಮಾನನಿಗೆ ದನಿ ವಾಪಸ್ಸು ಬಂತು. ಅಂಗಿ ಸರಿ ಮಾಡಿಕೊಂಡ. ಹೆದರಿಕೆಯಲ್ಲಿ ಏನೋ ಬಾಯಿಗೆ ಬಂತು, ಅದನ್ನೇ ಗಂಟು ಕಟ್ಟಿಕೊಳ್ಳಬೇಡ ಎಂದ. ನಿನ್ನ ಮಾತು ಯಾರು ನಂಬುತ್ತಾರೆ ಎಂದೂ ಅಂದ. ಆಮೇಲೆ ಸಣ್ಣಗೆ ನಕ್ಕ.

"ದಾರಿ ಬಿಟ್ಟವಳು ಬಿಟ್ಟವಳೇ ಕಣೋ."

ಫಟ್...

ಈ ಸಲ ಬಹಳ ಹತ್ತಿರ. ಇಬ್ಬರ ಮುಖಕ್ಕೂ ತಣ್ಣನೆಯ ಹನಿ ಸಿಡಿಯಿತು.

"ಕೈ ತೊಳ್ಕೊಂಡ್ರಾ?"

ಯಜಮಾನನ ಮುಖ ಚಿಕ್ಕ ಹುಡುಗನದಾಯಿತು. "ಇಲ್ಲ" ಎಂದ. ತಿರುಗಿದ. ಬಂದ ದಾರಿಯಲ್ಲೇ ಕಾಡೊಳಗೆ ನಡೆದ. ದೀಪವಿಲ್ಲ, ಏನಿಲ್ಲ.

ಮೆಲ್ಲ ತಡೆಯಬಹುದಿತ್ತು. ತಡೆಯಲಿಲ್ಲ. ಕಂಬದ ಕೆಳಗೆ ಕೂತ. ಬಹಳ ಹೊತ್ತು ಕೇಳಿಸುತ್ತಲೇ ಇತ್ತಂತೆ... ಸರಕ್... ಸರಕ್...

ಬೆಳಗಾದ ಮೇಲೆ ಮೆಲ್ಲ ಕರೆದದ್ದಕ್ಕೆ ಊರವರು ಹೋದರು. ಯಜಮಾನ ಬಾವಿಯ ಮುಂದೆ ಕೆಸರಲ್ಲಿ ಕೂತಿದ್ದ. ಜೀವ ಇತ್ತು. ಅಂಗೈ ಎರಡೂ ಬೆಳ್ಳಗೆ, ನುಣ್ಣಗೆ. ಕೈಯಲ್ಲಿ ಒಂದೇ ಒಂದು ಗೆರೆ ಉಳಿದಿರಲಿಲ್ಲ. ಯಾರೂ ಕೇಳದೆಯೇ ಹೇಳುತ್ತಿದ್ದ, ಅವಳು ದಾರಿ ಬಿಟ್ಟಿರಲಿಲ್ಲ, ಉಪ್ಪು ನಂದು. ಅವಳ ತಾಯಿ ಗುಂಪು ಸೀಳಿಕೊಂಡು ಬಂದು ಎದುರಿಗೆ ಕೂತಳು.

"ಇನ್ನೊಂದ್ ಸಲ ಹೇಳು" ಎಂದಳು.

ಹೇಳಿದ. ಇನ್ನೊಂದು ಸಲ ಎಂದಳು. ಮತ್ತೆ ಹೇಳಿದ. ಬಿಸಿಲೇರುವ ತನಕ ಆಕೆ ಅವನನ್ನು ಬಿಡಲಿಲ್ಲ. ಅಂಗಡಿಯ ಮುಂದೆ ನಕ್ಕವರು ನೆಲ ನೋಡುತ್ತ ನಿಂತಿದ್ದರು. ಮೆಲ್ಲ ಪೂರ್ತಿ ಕೇಳಿಸಿಕೊಂಡು ಮನೆಗೆ ಹೋಗಿ ಮಲಗಿದ. ಹೆಂಡತಿ ಹೋದ ಮೇಲೆ ಅವನಿಗೆ ಅವತ್ತೇ ನಿದ್ದೆ ಬಂದದ್ದು.

ನಂಬದಿದ್ದರೆ ಬಿಡಿ. ಆ ಗುಂಪಿನಲ್ಲಿ ನಾನೂ ಇದ್ದೆ, ನನ್ನ ಕಣ್ಣಿಂದಲೇ ನೋಡಿದ್ದೇನೆ. ಕೆಸರು ಹಸಿಯಾಗಿತ್ತು. ಅವನ ಸುತ್ತ ಗೊರಸಿನ ಗುರುತು ತುಂಬಿ ಹೋಗಿತ್ತು. ಅವನು ಅಲ್ಲಿಗೆ ನಡೆದು ಬಂದ ಹೆಜ್ಜೆ ಮಾತ್ರ... ಒಂದೂ ಇರಲಿಲ್ಲ.