ಹೊಸ ಬಾಣಲೆಯ ಪಲ್ಯ

ಬಸ್ಸಿಗಾಗಿ ಸಾಲಿನಲ್ಲಿ ನಿಂತಿದ್ದ ದರ್ಜಿಗೆ ಪರರ ಮಾತಿಗೆ ಕಿವಿಗೊಡುವ ಚಟವಿರಲಿಲ್ಲ. ಆದರೆ ಮುಂದಿದ್ದ ಅಕ್ಕತಂಗಿಯರು ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದರೆ ಅವನೇನು ಕಿವಿಗೆ ಬಿರಟೆ ಜಡಿದುಕೊಳ್ಳಬೇಕೇ?

“ನಿನ್ನೆ ಮೊಮ್ಮಗ ನಮ್ಮನೇಲಿ ಉಂಡ ಕಣೇ,” ಎಂದಳು ಅಕ್ಕ.

“ನಿನ್ನ ಮಗಳು ಬಿಟ್ಲಾ? ಹಾಲು ಸೋಕಿದ್ರೆ ಗಂಟಲು ಊದ್ಕೊಳ್ಳೋ ಮಗೂಗೆ ತುಪ್ಪ ತಿನ್ನಿಸಿ ಆಸ್ಪತ್ರೆ ಸೇರಿಸಿದ್ದೋಳು ನೀನು!”

“ಒಂದು ತೊಟ್ಟಿಗೆ ಏನಾಗತ್ತೆ ಅಂದ್ಕೊಂಡಿದ್ದೆ. ಅವತ್ತಿಂದ ಎರಡು ವರ್ಷ ಮಗಳು ನನ್ನ ಕೈಯಿಂದ ಅವನಿಗೆ ಒಂದು ತುತ್ತೂ ಕೊಡಿಸಲಿಲ್ಲ.”

“ಮತ್ತೆ ನಿನ್ನೆ?”

“ಹಳೇ ಬಾಣಲೇಲಿ ತುಪ್ಪದ ಜಿಡ್ಡಿರತ್ತೆ ಅಂತ ಹೊಸದೇ ತಂದೆ. ಸೌಟೂ ಹೊಸದು. ಎಣ್ಣೇಲಿ ಒಗ್ಗರಣೆ, ಆಲೂಗಡ್ಡೆ, ಬಟಾಣಿ, ಕ್ಯಾರೆಟ್ಟು. ಕೆನೆ ಬದಲು ತೆಂಗಿನಕಾಯಿ ಹಾಲು. ಅವಳು ಪೊಲೀಸಿನೋರ ಹಾಗೆ ಬಾಗಿಲಲ್ಲೇ ನಿಂತಿದ್ಲು.”

“ಉಂಡನಾ?”

ದರ್ಜಿಗೂ ಅದೇ ಬೇಕಾಗಿತ್ತು.

“ತಟ್ಟೆ ನೆಕ್ಕಿದ! ನಾನು ಮಾತ್ರ ಅವನ ಗಂಟಲನ್ನೇ ನೋಡ್ತಾ ಒಂದು ಗಂಟೆ ಕೂತಿದ್ದೆ. ಕೊನೆಗೆ ಜೋರಾಗಿ ತೇಗಿ, ನನ್ನ ತೊಡೆ ಮೇಲೇ ಮಲಗಿಬಿಟ್ಟ.”

“ಅಬ್ಬಬ್ಬಾ! ಮಗಳೇನಂದ್ಲು?”

“ಹೊರಡೋವಾಗ, ‘ಅಮ್ಮಾ, ಶನಿವಾರ ನಂಗೆ ಕೆಲಸ ಇದೆ. ಇವನನ್ನ ನಿನ್ನ ಹತ್ರ ಬಿಡ್ಲಾ?’ ಅಂದ್ಲು.”

“ನೀನೇನಂದೆ?”

“ಬಿಡುವಿದ್ರೆ ನೋಡೋಣ ಅಂದೆ.”

“ನಿನ್ನ ಜಂಬಕ್ಕಿಷ್ಟು!”

“ಸುಮ್ನಿರೇ. ಅಷ್ಟು ಹೇಳೋದ್ರೊಳಗೇ ಅಳು ಬಂದುಬಿಡ್ತು.”

ಅವರ ಬಸ್ಸು ಬಂತು. “ಹತ್ತೇ, ಬಿಡುವಿಲ್ಲದೋಳೇ!” ಎಂದು ತಂಗಿ ಅಕ್ಕನ ಬೆನ್ನಿಗೊಂದು ಗುದ್ದು ಕೊಟ್ಟಳು. ಇಬ್ಬರೂ ಕಣ್ಣೊರೆಸಿಕೊಂಡು, ನಗುತ್ತಲೇ ಹತ್ತಿ ಹೋದರು.