ಚಕ್ರಣ್ಣನ ಮನೆ ಉಳೀತು ಕಣಕ್ಕ

...ಇಲ್ಲ ಕಣಕ್ಕ, ಯಾರು ಅತ್ತಿದ್ದು? ನಾನಾ? ಟರ್ಪಂಟೈನ್ ಘಾಟು ಇದು, ಕಣ್ಣಿಗೆ ಹೊಡೀತದೆ. ಬೆಳಗ್ಗಿಂದ ಈ ಟ್ರ್ಯಾಕ್ಟರ್ ನಂಬರು ಬರೀತಿದ್ದೆ ನೋಡು. ಬಾ, ಒಳಗೆ ಬಾ. ಆ ಸ್ಟೂಲ್ ಬ್ಯಾಡ, ಬಣ್ಣ ಹಸಿ ಐತೆ, ಸೀರೆಗೆ ಹತ್ತೀತು. ಈ ಕಡೆ ಕೂತ್ಕ. ರೊಳ್ಳದ ಬಸ್ಸಿಗೆ ಬಂದ್ಯಾ? ಆ ಹಳ್ಳಿಯಿಂದ, ರತ್ನಗಿರಿಯಿಂದ ಈ ಬಿಸ್ಲಾಗೆ! ಒಂದು ಫೋನ್ ಮಾಡಿದ್ರೆ ನಾನೇ ಬಸ್‌ಸ್ಟಾಂಡ್ ತಾವ ಬತ್ತಿದ್ನಲ್ಲ.

ನೀರು ಕುಡಿ.

ಏನು, ಮೇಲೇನು ನೋಡ್ತೀಯಾ? ಓ... ಟೀಚರಮ್ಮ ಇಲ್ಲ ಇವತ್ತು. ಸ್ವಪ್ನಾ ಟೀಚರು. ಅವತ್ತು ಫೋನ್ನಾಗೆ ಹೇಳಿದ್ನಲ್ಲ, ಮೇಲಿನ ರೂಮು ಟೀಚರಿಗೆ ಬಾಡಿಗೆಗೆ ಕೊಟ್ಬಿಟ್ಟಿದೀನಿ ಅಂತ. ರಜಾ ಹಾಕಿ ಅವರೂರಿಗೆ ಹೋಗವ್ರೆ. ಬಲು ಒಳ್ಳೇ ಹೆಣ್ಮಗಳು, ಇದಾರೋ ಇಲ್ವೋ ಅನ್ಬೇಕು, ಅಷ್ಟು ಮೆತ್ತಗೆ...

ನಿನ್ನ ಮನೆ ವಿಷ್ಯ ಆಮೇಲೆ ಮಾತಾಡಾನ ಅಕ್ಕ. ಗ್ರಾಮ ಸಚಿವಾಲಯದೋರು ಬಂದು ಫೋಟೋ ತಕ್ಕೊಂಡೋದ್ರು ಅಂದಿದ್ದೆ, ಅಲ್ವಾ? ಆತದೆ, ಆತದೆ. ಸರ್ಕಾರದ ಕೆಲ್ಸ, ನಿಧಾನ. ಮೊದ್ಲು ಇದು ಕೇಳು. ಚಕ್ರಣ್ಣನ ಮನೆ ಉಳೀತು ಕಣಕ್ಕ!

ಯಾಕೆ ನಗ್ತೀಯಾ? ನಗ್ಬೇಡ. ನಿಂಗೆ ಗೊತ್ತಿಲ್ಲ ಈ ವಾರ ನಾನು ಹೆಂಗೆ ಕಳೆದೆ ಅಂತ. ಚಕ್ರಧರ ಅಂದ್ರೆ ನಿಂಗೆ ಒಬ್ಬ ಸಿನಿಮಾದೋನು, ಅಷ್ಟೇ. ನಂಗೆ...

ಸರಿ, ಮೊದ್ಲಿಂದ ಹೇಳ್ತೀನಿ. ಹೋದ ಭಾನ್ವಾರ. ಪೆದ್ದಣ್ಣನ ಟೀ ಅಂಗ್ಡೀಲಿ ಕೂತಿದ್ದೆ. ಪೆದ್ದಣ್ಣ ಗ್ಲಾಸು ತೊಳೀತಾ ತೊಳೀತಾ ಅಂತಾನೆ, "ಏಮಿ ನರಸಪ್ಪಾ, ಮೀ ಹೀರೋ ಇಲ್ಲು ಪಡಗೊಡ್ತಾರಂಟ ಕದಾ?" ಟೀ ಗ್ಲಾಸು ಕೆಳಗಿಟ್ಬಿಟ್ಟೆ ಅಕ್ಕ. ಮನೆ ಕೆಡವ್ತಾರಾ? ಯಾರ ಮನೆ? ಚಕ್ರಣ್ಣಂದಾ? ಟಿವಿ ಕಡೆ ತಿರುಗಿ ನೋಡ್ತೀನಿ, ಹೌದು! ಆ ಮನೆ ಕಟ್ಟಿರೋ ಜಾಗದಾಗೆ ಹಿಂದೆ ಮಳೆನೀರು ಹೋಗೋ ಕಾಲುವೆ ಇತ್ತಂತೆ. ಮೂವತ್ತು ವರ್ಷ ಆದ್ಮೇಲೆ ಆಫೀಸಿನೋರಿಗೆ ಜ್ಞಾಪಕ ಬಂದು, ಕಾಂಪೌಂಡ್ ಗೋಡೆ ಮೇಲೆ ಕೆಂಪು ಬಣ್ಣದಾಗೆ ನಂಬರು ಬರ್ದು ಹೋಗವ್ರೆ. ಬುಧವಾರ ಜೆಸಿಬಿ ಬತ್ತದೆ ಅಂತ.

ಅಕ್ಷರ ನೋಡ್ಬೇಕಿತ್ತು ನೀನು. ಎರಡು ಅಂಕಿ ಮೇಲೆ, ಒಂದು ಕೆಳಗೆ, ಬಣ್ಣ ಎಲ್ಲ ಸೋರಿ... ಒಬ್ಬ ಮನುಷ್ಯನ ಮನೆ ಕೆಡವೋಕೆ ಬರೀತೀರ, ನೆಟ್ಟಗಾದ್ರೂ ಬರೀಬಾರ್ದಾ?

ಅವತ್ತೇ ಸಾಯಂಕಾಲ ನಮ್ಮ ಅಭಿಮಾನಿ ಸಂಘದ ಮೀಟಿಂಗ್ ಕರೆದೆ. ಇಲ್ಲೇ, ಈ ಅಂಗ್ಡೀಲೇ. ಜನ ಅಂದ್ರೆ ಜನ ಕಣಕ್ಕ! ನೂರು ಜನ ಆಗಿರ್ಬೇಕು. ಒಬ್ಬೊಬ್ರು ಎದೆ ಬಡ್ಕಂಡು... ಏನು? ಎಲ್ಲಿ ಕೂತಿದ್ರಾ? ಹೊರಗೂ ನಿಂತಿದ್ರು, ರೋಡ್‌ನಾಗೆ. ಸರಿ, ನೂರು ಇರ್ಲಿಕ್ಕಿಲ್ಲ. ಒಂದು ಮೂವತ್ತು.

ಹಂಗೆ ನೋಡ್ಬೇಡ ಅಕ್ಕ. ಚಿಕ್ಕೋನಾಗಿದ್ದಾಗ ಕಡ್ಲೇಕಾಯಿ ಹೊಲದಾಗೆ ಗಿಡ ಕಿತ್ತು ತಿಂದು, ನಾನಲ್ಲ ಅಂದ್ರೆ ಹಿಂಗೇ ನೋಡ್ತಿದ್ದೆ. ಬೈತಿರ್ಲಿಲ್ಲ, ಹೊಡೀತಿರ್ಲಿಲ್ಲ. ಅವ್ವ ಹೋದ್ಮೇಲೆ ನನ್ನ ಸಾಕಿದ್ದೆಲ್ಲ ಈ ಕಣ್ಣಾಗೇ ಸಾಕ್ದೆ ನೀನು.

ಇಬ್ರು ಬಂದಿದ್ರು. ಆಂಜನೇಯ, ಮಾರೇಶ. ಆಯ್ತಾ? ಆಂಜನೇಯ ಟೀ ಕುಡ್ದು ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ಬೇಕು ಅಂತ ಎದ್ದೋದ. ಮಾರೇಶ, ಮೊಬೈಲ್ ರಿಪೇರಿ ಅಂಗ್ಡಿ ಮಾರೇಶ, ಅವನು ಸಂಘದೋನೂ ಅಲ್ಲ. ಅವನಿಗೆ ಯೂಟ್ಯೂಬ್ ಚಾನೆಲ್ ಐತೆ, ವಿಡಿಯೋ ಬೇಕಿತ್ತು.

ಉಳಿದೋರಿಗೆ ಫೋನ್ ಮಾಡ್ದೆ. ಎಲ್ರಿಗೂ ಮಾಡ್ದೆ. ಶಿವಶಂಕರ ಗೊತ್ತಲ್ಲ, ಹಾಲಿನಭಿಷೇಕ ಮಾಡೋಕೆ ಕಟೌಟ್ ಮೇಲಕ್ಕೆ ಹತ್ತಿ ಬಿದ್ದು ಕೈ ಮುರ್ಕಂಡಿದ್ನಲ್ಲ, ಅವನು. ಹಿಂದೂಪುರದಾಗೆ ಗಾರ್ಮೆಂಟ್ಸ್‌ನಾಗೆ ಸೂಪರ್‌ವೈಸರ್ ಈಗ. ಏನಂದ ಗೊತ್ತಾ? "ಅಣ್ಣಾ, ನೀನು ಇನ್ನೂ ಅದ್ರಾಗೇ ಇದೀಯಾ?" ಅಂದ. ಕೆಟ್ಟದಾಗಿ ಅನ್ಲಿಲ್ಲ ಪಾಪ. ಅಯ್ಯೋ ಅನ್ನೋ ತರ ಅಂದ. ಬೈದಿದ್ರೇ ವಾಸಿಯಾಗಿತ್ತು.

ಊರ್ನಾಗೆಲ್ಲ ತೆಲುಗು ಹೀರೋಗಳ ಸಂಘ ಅಕ್ಕ. ಗಲ್ಲಿಗೊಂದು. ಕನ್ನಡದ ಹೀರೋಗೆ ಅಂತ ಇದ್ದಿದ್ದು ನಮ್ದೊಂದೇ. ಚಕ್ರಣ್ಣನ ಪಿಚ್ಚರ್ ಇಲ್ಲಿ ಥೇಟರ್‌ಗೆ ಬಂದು ಹದ್ನಾಲ್ಕು ವರ್ಷ ಆತು. ಥೇಟರೇ ಈಗ ಕಡ್ಲೇಕಾಯಿ ಗೋಡೌನು. ಹೊಸಾ ಹುಡುಗರಿಗೆ ಅವನ ಮುಖಾನೇ ಗೊತ್ತಿಲ್ಲ.

ನಂಗೆ ಹೆಂಗೆ ಮರೆಯೋಕಾತದೆ? ಹಿಂದೂಪುರದಾಗೆ ಶೂಟಿಂಗ್ ಇದ್ದಾಗ ನಾನು ಬರ್ದಿದ್ದ ಕಟೌಟು, ಇಪ್ಪತ್ತೆಂಟು ಅಡಿ. ಅವನು ಕಾರಿಂದ ಇಳಿದು, ತಲೆ ಎತ್ತಿ ನೋಡಿ, "ಯಾರಪ್ಪಾ ಇದು ಬರ್ದಿದ್ದು?" ಅಂದ. ನನ್ನ ಮುಂದಕ್ಕೆ ತಳ್ಳಿದ್ರು. ಹೆಗಲ ಮೇಲೆ ಕೈ ಇಟ್ಟ ಅಕ್ಕ. "ಕಣ್ಣು ಚೆನ್ನಾಗಿ ಬರ್ದಿದೀಯಾ" ಅಂದ. "ಯಾವೂರು?" ಮಡಕಶಿರ ಅಂದೆ. "ಒಂದಿನ ಬರ್ತೀನಿ ನಿಮ್ಮನೇಗೆ" ಅಂದ. ಇಪ್ಪತ್ತಾರು ವರ್ಷ. ಆ ಕೈ ಭಾರ ಇನ್ನೂ ಇಲ್ಲೇ ಐತೆ. ಎಂಥ ಗಂಡನ್ನ ಕಟ್ಕಂಡೆ ಅಂತ ನಾಗವೇಣಿ ನಗಾಡ್ತಿದ್ಲು. ಆದ್ರೂ ಅವಳು ಇರೋವಾಗ ನಗಾಡೋಕಾದ್ರೂ ಒಬ್ರು ಇದ್ರು. ಅವಳು ಹೋಗಿ ಒಂಬತ್ತು ವರ್ಷ... ಗೊತ್ತು ನಿಂಗೆ.

ಬಿಡು ಅದು. ಮಂಗಳವಾರ ಬೆಳಗ್ಗೆ ಬೋರ್ಡು ಬರ್ದೆ. "ಮಡಕಶಿರ ಅಭಿಮಾನಿಗಳು ನಿಮ್ಮ ಜೊತೆ." ಅಭಿಮಾನಿಗಳು ಅಂತ, ಬಹುವಚನ. ಸುತ್ಕಂಡು ಬೆಂಗಳೂರು ಬಸ್ ಹತ್ತಿದೆ. ಆ ಮನೆ ಮುಂದೆ ಏನು ಜನ ಅಕ್ಕ! ಒಬ್ಬ ಹೆಂಗ್ಸು ಗೇಟಿಗೆ ಅರಿಶಿನ ಕುಂಕುಮ ಹಚ್ತಾವ್ಳೆ. ಇಬ್ರು ಜೆಸಿಬಿಗೆ ಅಡ್ಡ ಮಲಗ್ತೀವಿ ಅಂತ ಆಗ್ಲೇ ಮಲಗಿಬಿಟ್ಟವ್ರೆ, ಜೆಸಿಬಿ ಇನ್ನೂ ಬಂದೇ ಇಲ್ಲ! ಒಬ್ಬ ತನ್ನ ಸೈಟಿನ ಪತ್ರ ತಂದು, "ಅಣ್ಣನ ಹೆಸ್ರಿಗೆ ಮಾಡ್ಕೊಡ್ತೀನಿ" ಅಂತ ಕೂಗ್ತಾವ್ನೆ. ನಾನು ನೇರ ಮುಂದಕ್ಕೆ ಹೋದೆ. ಗೇಟು ತೆಗೀತು, ಚಕ್ರಣ್ಣ ಕಾರಿನ ಗ್ಲಾಸ್ ಇಳಿಸಿ ನನ್ನ ಬೋರ್ಡ್ ನೋಡಿ ಕೈ...

ಮತ್ತೆ ಹಂಗೇ ನೋಡ್ತೀಯಾ. ಏನಾದ್ರೂ ಅನ್ನು.

ಕೈ ಬೀಸ್ಲಿಲ್ಲ. ಗ್ಲಾಸು ಇಳೀಲಿಲ್ಲ. ಕಪ್ಪು ಗ್ಲಾಸು, ಒಳಗೆ ಯಾರಿದ್ರೋ. ಮುಂದೆ ನಿಂತಿದ್ದೋರೆಲ್ಲ ಒಂದೇ ತರ ಟೀ ಶರ್ಟು. ಒಬ್ಬ ನನ್ನ ಬೋರ್ಡ್ ಓದಿ, "ಮಡಕಶಿರಾನಾ? ಅದು ಆಂಧ್ರ ಅಲ್ವಾ? ಹಿಂದಕ್ಕೆ ನಿಂತ್ಕಳಿ ಯಜಮಾನ್ರೆ, ಕ್ಯಾಮೆರಾಗೆ ಅಡ್ಡ ಆಗ್ತದೆ" ಅಂದ. ಹಿಂದಕ್ಕೆ ಹೋದೆ. ಇನ್ನೂ ಹಿಂದಕ್ಕೆ ಅಂದ್ರು. ಎದುರುಗಡೆ ಒಂದು ಔಷಧಿ ಅಂಗ್ಡಿ ಮೆಟ್ಲ ಮೇಲೆ ಕೂತ್ಕಂಡೆ. ಬೋರ್ಡು ತೊಡೆ ಮೇಲೆ. ಅಷ್ಟು ಜನದಾಗೆ ಒಬ್ಬರೂ ನನ್ನ ಹೆಸ್ರು ಕೇಳ್ಲಿಲ್ಲ ಅಕ್ಕ. ಊಟ ಆತಾ ಅಂತ ಆ ಔಷಧಿ ಅಂಗ್ಡಿಯೋನು ಕೇಳ್ದ. ಅವನಿಗೆ ಸಿನಿಮಾನೇ ಗೊತ್ತಿಲ್ಲ.

ಸಾಯಂಕಾಲಕ್ಕೆ ಸುದ್ದಿ ಬಂತು. ಕೋರ್ಟು ಬ್ಯಾಡ ಅಂತು. ಕೆಡವೋಹಂಗಿಲ್ಲ. ಪಟಾಕಿ, ಕುಣಿತ, ಬಣ್ಣ! ನನ್ನನ್ನೂ ಯಾರೋ ತಬ್ಕಂಡ್ರು, ಆಮೇಲೆ ಮುಖ ನೋಡಿ ಬಿಟ್ಬಿಟ್ರು. ಚಕ್ರಣ್ಣ ಒಂದು ವಿಡಿಯೋ ಬಿಟ್ಟ. "ಯಾರೂ ಗಾಬರಿ ಆಗ್ಬೇಡಿ, ನಾನು ಆ ಮನೇಲಿ ಇರೋದು ಬಿಟ್ಟೇ ಎಂಟು ವರ್ಷ ಆಯ್ತು" ಅಂದ. ನಗ್ತಾ ಅಂದ. ಬೇರೆ ಮನೆ ಐತಂತೆ, ಇನ್ನೂ ದೊಡ್ಡದು. ತುಮಕೂರು ಅಭಿಮಾನಿಗಳಿಗೆ, ಮಂಡ್ಯ ಅಭಿಮಾನಿಗಳಿಗೆ ಅಂತ ಊರೂರು ಹೆಸ್ರು ಹೇಳಿ ಕೈ ಮುಗ್ದ. ನಮ್ಮೂರು... ಎಷ್ಟು ಊರು ಅಂತ ಹೇಳ್ತಾನೆ ಪಾಪ.

ಒಳ್ಳೇದೇ ಆತಲ್ಲ? ಮನೆ ಉಳೀತಲ್ಲ? ಅಷ್ಟೇ ಬೇಕಿದ್ದಿದ್ದು. ಖುಷಿ ಕಣಕ್ಕ ನಂಗೆ. ಖುಷಿಯಿಂದಾನೇ ಇದೀನಿ.

ಟೀ ತರಿಸ್ಲಾ? ಬ್ಯಾಡ್ವಾ? ಅನ್ನ ಐತೆ, ಬೆಳಗಿನ್ದು. ಹುಣ್ಸೇಹಣ್ಣಿನ ಗೊಜ್ಜು ಐತೆ. ಅದೂ ಬ್ಯಾಡ್ವಾ? ಹುಷಾರಾಗಿದೀಯಾ ತಾನೆ? ಸುಮ್ಸುಮ್ನೆ ಬರೋಳಲ್ಲ ನೀನು. ನಾನು ಅತ್ತಿದ್ದು ನಿಂಗೆ ಹೆಂಗೆ... ಅತ್ತಿಲ್ಲ ಅಂದ್ನಲ್ಲ. ಯಾರು ಹೇಳಿದ್ರು ನಿಂಗೆ, ನಿನ್ನ ತಮ್ಮ ಅಳ್ತಾವ್ನೆ ಅಂತ?

ವಿಡಿಯೋನಾ?

ಮಾರೇಶನ ವಿಡಿಯೋ ನೋಡ್ದ್ಯಾ? ರತ್ನಗಿರಿಗೂ ಬಂತಾ ಅದು! ಯಾರ ಫೋನ್ನಾಗೆ? ರಮ್ಯಶ್ರೀ? ಯಾರು, ನಿನ್ನ ಪಕ್ಕದ ಮನೆ ಹುಡ್ಗೀನಾ? ಓಹೋ... ಚೆನ್ನಾಗಿ ತೆಗ್ದವ್ನೆ ಅಲ್ವಾ? ಸ್ವಲ್ಪ ಜಾಸ್ತೀನೇ ಅತ್ಬಿಟ್ಟೆ. ಮಾರೇಶ, "ಅಳು ನರಸಪ್ಪಣ್ಣ, ಚೆನ್ನಾಗಿ ಬತ್ತದೆ" ಅಂದ. ಆದ್ರೆ ಅಳು ನಿಜವಾದ್ದೇ ಕಣಕ್ಕ. ಒಂದು ಸಲ ಶುರುವಾದ್ಮೇಲೆ ಯಾಕೆ ಅಂತಾನೂ ತಿಳೀಲಿಲ್ಲ...

ಸ್ವಲ್ಪ ನೋಡ್ದ್ಯಾ? ಶುರುವಿನ್ದು ಅಷ್ಟೇ ಅಲ್ವಾ?

ಪೂರ್ತಿ?

ಕೊನೇವರ್ಗೂ ನೋಡ್ದ್ಯಾ ಅಕ್ಕ?

ಫ್ಯಾನು ಹಾಕ್ಲಾ? ಸೆಕೆ.

ಕೈ ಮುಗ್ಕಂಡು ಹೇಳ್ದೆ ಅದ್ರಾಗೆ. ಹೌದು. "ಚಕ್ರಣ್ಣಾ, ನಿಮ್ಮ ಮನೆ ಹೋದ್ರೆ ಹೋಗ್ಲಿ, ಮಡಕಶಿರಕ್ಕೆ ಬನ್ನಿ. ನಮ್ಮನೆ ಮೇಲೆ ರೂಮೈತೆ. ಎರಡು ಕಿಟಕಿ, ಬೆಟ್ಟದ ಕೋಟೆ ಕಾಣ್ತದೆ. ಹೊಸಾ ಮಂಚ, ಹೊಸಾ ಹಾಸಿಗೆ. ಒಂದಿನಕ್ಕೂ ಯಾರಿಗೂ ಕೊಟ್ಟಿಲ್ಲ, ನಿಮಗೋಸ್ಕರ ಖಾಲಿ ಇಟ್ಟಿದೀನಿ..."

ಖಾಲಿ ಇಟ್ಟಿದೀನಿ ಅಂದೆ.

ಸ್ವಪ್ನಾ ಟೀಚರ್ ಅಂತ ಯಾರೂ ಇಲ್ಲ ಅಕ್ಕ.

ಬೈಯಿ. ಬೈದು ಬಿಡು ಒಂದ್ಸಲ. ಏಳು ತಿಂಗಳ ಹಿಂದೆ ಆ ಮಳೇಲಿ ನಿನ್ನ ಮಾಳಿಗೆ ಕುಸ್ದು, ಹಿಂದಿನ ಗೋಡೆ ಬಿದ್ದು, ನೀನು ಫೋನ್ ಮಾಡಿ ಏನು ಕೇಳ್ದೆ? "ನಾಲ್ಕು ತಿಂಗಳು ಮೇಲಿನ ರೂಮಾಗೆ ಇರ್ಲಾ ನರಸ?" ಅಂದೆ. ಅಷ್ಟೇ. ನನ್ನ ಸಾಕ್ದೆ ಅಂತ ನೆಪ್ಪು ಮಾಡ್ಲಿಲ್ಲ, ಅತ್ಕಳ್ಲಿಲ್ಲ. ನಾನು ಒಂದು ಚಣ ಯೋಚನೆ ಮಾಡ್ಲಿಲ್ಲ ಅಕ್ಕ. ಆ ಟೀಚರು, ಹೆಸ್ರು, ಎಲ್ಲ ಬಾಯಿಗೆ ತಾನೇ ಬಂತು. "ಹೋಗ್ಲಿ ಬಿಡಪ್ಪ" ಅಂದು ಇಟ್ಬಿಟ್ಟೆ ನೀನು.

ಯಾಕೆ ಅಂದ್ರೆ... ನೀನು ಬಂದ್ರೆ ದಿನಾ ನೋಡ್ತಿದ್ದೆ ನನ್ನ. ಬೆಳಗ್ಗೆ ಒಬ್ನೇ ಬಾಗ್ಲು ತೆಗಿಯೋದು, ಸಾಯಂಕಾಲ ಒಬ್ನೇ ಹಾಕೋದು. ರತ್ನಗಿರಿಯಾಗೆಲ್ಲ ನೀನು ನನ್ನ ತಮ್ಮ ಸಂಘದ ಅಧ್ಯಕ್ಷ, ಮನೆ ತುಂಬ ಜನ ಅಂತ ಹೇಳ್ಕಂಡಿದ್ದೆ. ಯಾರೂ ಇಲ್ಲ ಅಂತ ನಿಂಗೆ ಗೊತ್ತಾತದಲ್ಲ ಅಂತ ನಾಚಿಕೆ...

ಇಲ್ಲ. ಅದೂ ಅಲ್ಲ. ಅದೂ ಸುಳ್ಳೇ.

ಹಾಸಿಗೆ ಮಾಸ್ತದೆ ಅಂತ ಕಣಕ್ಕ. ಅವನು ಬಂದ್ರೆ ಹೊಸಾದಾಗೇ ಇರ್ಬೇಕು ಅಂತ. ಇನ್ನೇನೂ ಇಲ್ಲ. ಅಷ್ಟೇ ಇದ್ದಿದ್ದು ನನ್ನ ಮನಸ್ನಾಗೆ.

ನೀನು ರೂಮು ಕೇಳೋಕೆ ಬರ್ಲಿಲ್ಲ ಅಲ್ವಾ ಇವತ್ತು? ತಲೆ ಅಲ್ಲಾಡಿಸ್ಬೇಡ, ಗೊತ್ತಾತು. ವಿಡಿಯೋನ ಪೂರ್ತಿ ನೋಡಿ, ಆ ಮಾತೂ ಕೇಳಿ, ಆದ್ರೂ ಬಂದೆ. ತಮ್ಮ ಅಳ್ತಾವ್ನೆ ಅಂತ ಬಸ್ ಹತ್ತಿ ಬಂದೆ.

ಕೈ ತೆಗೀಬೇಡ, ಇರ್ಲಿ ತಲೆ ಮೇಲೆ.

ಬೆಂಗಳೂರ್ನಾಗೆ ಸಾಯಂಕಾಲದವರ್ಗೂ ಆ ಮೆಟ್ಲ ಮೇಲೆ ಕೂತು ಅವನ ಮನೆ ಕಾದೆ ನಾನು. ಯಾವ ಕಿಟಕಿ, ಯಾವ ಗೋಡೆ, ಕಾಲುವೆ ಎಲ್ಲಿತ್ತು, ಎಲ್ಲ ಬಾಯಾಗೈತೆ, ಕೇಳು ಹೇಳ್ತೀನಿ. ನಿಂದು ಏನೂ ಗೊತ್ತಿಲ್ಲ ನಂಗೆ. ಏಳು ತಿಂಗಳಾಗೆ ಒಂದಿನ ಹಂಗೆ ಬಸ್ ಹತ್ತಿ ಬಂದು ನೋಡ್ಲಿಲ್ಲ. ಫೋನ್ನಾಗೂ ಕೇಳ್ಲಿಲ್ಲ, ಕೇಳಿದ್ರೆ ನೀನು ಹೇಳ್ಬಿಡ್ತೀಯಾ ಅಂತ.

ಈಗ ಕೇಳ್ತಿದೀನಿ. ಹೇಳು.

ಗೋಡೆ ಬಿದ್ದ ದಿನದಿಂದ ಎಲ್ಲಿ ಮಲಗ್ತಿದೀಯಾ ಅಕ್ಕ?